ಆಯಿಲ್ ಆರಿಸಬೇಕಾದ್ದು ಬೆರಳಲ್ಲ

ಮೈಸೂರಿನ ಮಂಡಿ ಮೊಹಲ್ಲಾದ ಕಡೆ ಕಾರಿನ ಆಯಿಲ್ ಬದಲಾಯಿಸಲು ಹೋದವರಿಗೆ ಈ ಮಾತು ಹೊಸದಲ್ಲ. ಮೆಕ್ಯಾನಿಕ್ ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು, ತುದಿಯಲ್ಲಿರುವ ಆಯಿಲನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡುತ್ತಾರೆ. "ನೀರಾಗ್ಬಿಟ್ಟಿದೆ ಸಾರ್. ಕಂಪನಿಯವ್ರು ಹಾಕೋದು ತೆಳು ಆಯಿಲ್ಲು, ನಮ್ಮ ಬಿಸಿಲಿಗೆ ತಡ್ಕೊಳಲ್ಲ. ಟ್ವೆಂಟಿ-ಫಿಫ್ಟಿ ಹಾಕ್ಸಿ, ಸೌಂಡೇ ಇರಲ್ಲ" ಎನ್ನುತ್ತಾರೆ. ಕಾರಿನ ಯಜಮಾನರು ಒಪ್ಪಿ ತಲೆಯಾಡಿಸುತ್ತಾರೆ. ಹಳೆಯ ಆಯಿಲ್ ಇಳಿಯುತ್ತದೆ, ಗಟ್ಟಿ ಆಯಿಲ್ ಏರುತ್ತದೆ.

ಈ ನಂಬಿಕೆ ಗ್ಯಾರೇಜಿಗೆ ಮಾತ್ರ ಸೇರಿದ್ದಲ್ಲ. ಕುವೆಂಪುನಗರದ ನಿವೃತ್ತ ಎಂಜಿನಿಯರೂ ಇದನ್ನೇ ಹೇಳುತ್ತಾರೆ, ಟ್ಯಾಕ್ಸಿ ಓಡಿಸುವ ಹುಡುಗನೂ ಇದನ್ನೇ ಹೇಳುತ್ತಾನೆ. ಆಯಿಲ್ ದಪ್ಪವಿದ್ದಷ್ಟೂ ಎಂಜಿನ್ನಿಗೆ ರಕ್ಷಣೆ ಹೆಚ್ಚು, ಕಪ್ಪಾದರೆ ಕೆಟ್ಟಿತು, ದುಬಾರಿಯಾದರೆ ಒಳ್ಳೆಯದು ಎಂಬ ಮೂರು ಮಾತುಗಳ ಮೇಲೆ ನಮ್ಮೂರಿನ ಸಾವಿರಾರು ಕಾರುಗಳ ಆಯಿಲ್ ತೀರ್ಮಾನವಾಗುತ್ತಿದೆ. ಮೂರೂ ತಪ್ಪು. ಅದರಲ್ಲೂ ಮೊದಲನೆಯದು ಇಂದಿನ ಎಂಜಿನ್‌ಗಳಿಗೆ ಕೇಡು ಮಾಡುವಂಥ ತಪ್ಪು. ಹಾಗಾಗಿ ಹೆಚ್ಚಿನ ಮಾತು ಅದರ ಬಗ್ಗೆಯೇ.

ಈ ನಂಬಿಕೆ ಹುಟ್ಟಿದ್ದು ಅಜ್ಞಾನದಿಂದಲ್ಲ. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್, ಅದರ ಜೊತೆಗಿದ್ದ ಪದ್ಮಿನಿ, ಇವುಗಳ ಹಳೆಯ ಎಂಜಿನ್‌ಗಳಲ್ಲಿ ಭಾಗ ಭಾಗಗಳ ನಡುವಿನ ಸಂದು ದೊಡ್ಡದು. ಆಯಿಲ್ ತೆಳುವಾದರೆ ಸೋರುತ್ತಿತ್ತು, ಉರಿದು ಹೊಗೆಯಾಗುತ್ತಿತ್ತು, ಒತ್ತಡ ಕುಸಿಯುತ್ತಿತ್ತು. ಅಂಥ ಗಾಡಿಗಳಿಗೆ ಗಟ್ಟಿ ಆಯಿಲ್ ಹಾಕಿದ ಮೆಕ್ಯಾನಿಕ್ ಸರಿಯಾದದ್ದನ್ನೇ ಮಾಡಿದ್ದರು. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಬೈಕು ಕಟ್ಟಿದ ಊರು ಇದು. ಕಿವಿಗೊಟ್ಟು ಕೇಳಿ, ಕೈಯಿಂದ ಮುಟ್ಟಿ ಎಂಜಿನ್ನಿನ ಕಾಯಿಲೆ ಹೇಳುವ ವಿದ್ಯೆ ಇಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದಿದೆ, ಆ ವಿದ್ಯೆಯ ಮೇಲೆ ನನಗೆ ಗೌರವವಿದೆ. ಆದರೆ ಆ ವಿದ್ಯೆ ರೂಪುಗೊಂಡ ಎಂಜಿನ್‌ಗಳು ಇಂದು ರಸ್ತೆಯ ಮೇಲೆ ಅಪರೂಪ. ಅವುಗಳಿಗೆ ಸರಿಹೊಂದಿದ ನಿಯಮವನ್ನು ನಿನ್ನೆ ಮೊನ್ನೆ ಶೋರೂಮಿನಿಂದ ಬಂದ ಕಾರಿನ ಮೇಲೆ ಹೇರುವುದನ್ನು ನಾನು ಒಪ್ಪಲಾರೆ.

ಮೊದಲು ಬೆರಳಿನ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ಆಯಿಲಿನ ಸ್ನಿಗ್ಧತೆ, ಅಂದರೆ ಹರಿಯುವಾಗ ಅದು ಒಡ್ಡುವ ತಡೆ, ಬಿಸಿಗೆ ತಕ್ಕಂತೆ ಬದಲಾಗುತ್ತದೆ. ಬೆರಳಿನ ಬಿಸಿ 35 ಡಿಗ್ರಿಯ ಆಸುಪಾಸು. ಎಂಜಿನ್ ಒಳಗೆ ಆಯಿಲ್ ಕೆಲಸ ಮಾಡುವುದು 100 ಡಿಗ್ರಿಯ ಹತ್ತಿರ, ಬೇರಿಂಗ್‌ಗಳ ಬಳಿ 150ರವರೆಗೂ ಹೋಗುತ್ತದೆ. 35ರಲ್ಲಿ ಮುಟ್ಟಿದ್ದು 100ರಲ್ಲಿ ಹೇಗಿರುತ್ತದೆ ಎಂದು ಯಾವ ಬೆರಳೂ ಹೇಳಲಾರದು. ಅದಕ್ಕೆಂದೇ ಅಮೆರಿಕದ ಆಟೊಮೋಟಿವ್ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ಒಂದು ಮಾನದಂಡವನ್ನು ಮಾಡಿಟ್ಟಿದೆ. ಜಗತ್ತಿನ ಎಲ್ಲ ಆಯಿಲ್ ಡಬ್ಬಿಗಳ ಮೇಲೆ ಕಾಣುವ 5ಡಬ್ಲ್ಯೂ-30, 15ಡಬ್ಲ್ಯೂ-40, 20ಡಬ್ಲ್ಯೂ-50 ಎಂಬ ಅಂಕಿಗಳು ಬಂದದ್ದು ಅಲ್ಲಿಂದಲೇ. ಎರಡನೆಯ ಅಂಕಿ ಬಿಸಿಯಾದ ಆಯಿಲಿನದು. 30 ಗ್ರೇಡಿನ ಆಯಿಲ್ 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ ಅಳತೆ) ಒಳಗಿರಬೇಕು, 50 ಗ್ರೇಡಿನದು 16.3ರಿಂದ 21.9ರ ಒಳಗೆ. ಮೊದಲನೆಯ ಅಂಕಿ ಚಳಿಯದು: 5ಡಬ್ಲ್ಯೂ ಎಂದು ಬರೆಸಿಕೊಳ್ಳಬೇಕಾದರೆ ಆಯಿಲ್ ಶೂನ್ಯಕ್ಕಿಂತ 30 ಡಿಗ್ರಿ ಕೆಳಗೂ ಎಂಜಿನ್ ತಿರುಗಲು ಬಿಡಬೇಕು.

ಇಲ್ಲಿ ಗ್ಯಾರೇಜಿನವರು ಒಂದು ನ್ಯಾಯವಾದ ಪ್ರಶ್ನೆ ಕೇಳುತ್ತಾರೆ: ಮೈಸೂರಿನಲ್ಲಿ ಹಿಮ ಬೀಳುತ್ತದೆಯೇ? ಜನವರಿಯ ಮುಂಜಾನೆಗೂ ಇಲ್ಲಿ 15-16 ಡಿಗ್ರಿ ಇರುತ್ತದೆ. ಹಿಮದ ದೇಶದವರ 5ಡಬ್ಲ್ಯೂ ನಮಗೇಕೆ? ಉತ್ತರ ಅಂಕಿಗಳಲ್ಲೇ ಇದೆ. ಸಾಮಾನ್ಯ 5ಡಬ್ಲ್ಯೂ-30 ಆಯಿಲ್ 100 ಡಿಗ್ರಿಯಲ್ಲಿ ಹತ್ತು ಹನ್ನೊಂದು ಸೆಂಟಿಸ್ಟೋಕ್ಸ್ ಇದ್ದರೆ, ಬರೀ 40 ಡಿಗ್ರಿಗೆ ಇಳಿದಾಗ ಅರವತ್ತರ ಆಸುಪಾಸಿಗೆ ಏರುತ್ತದೆ. 20ಡಬ್ಲ್ಯೂ-50 ಆದರೆ ಅದೇ 40 ಡಿಗ್ರಿಯಲ್ಲಿ ನೂರೈವತ್ತರ ಮೇಲೆ. ಮುಂಜಾನೆಯ ತಂಪಿನಲ್ಲಿ ಇವೆರಡೂ ಇನ್ನೂ ಬಹಳ ಮಂದವಾಗುತ್ತವೆ. ಅಂದರೆ ಬೆಳಿಗ್ಗೆ ಕೀಲಿ ತಿರುಗಿಸುವ ಹೊತ್ತಿಗೆ, ಮೈಸೂರಿನಲ್ಲೇ ಆಗಲಿ ರಾಯಚೂರಿನಲ್ಲೇ ಆಗಲಿ, ಯಾವ ಆಯಿಲೂ ತೆಳುವಾಗಿರುವುದಿಲ್ಲ. ಎಲ್ಲವೂ ಎಂಜಿನ್ ಬಯಸುವುದಕ್ಕಿಂತ ಹಲವು ಪಟ್ಟು ದಪ್ಪವೇ. ಗ್ಯಾರೇಜಿನಲ್ಲಿ "ನೀರಾಗಿದೆ" ಎನಿಸಿಕೊಂಡ ಆಯಿಲ್ ಕೂಡ.

ಎಂಜಿನ್ ಸವೆಯುವುದರಲ್ಲಿ ದೊಡ್ಡ ಪಾಲು ಆಗುವುದು ಈ ತಂಪಿನ ಹೊತ್ತಿನಲ್ಲೇ. ರಾತ್ರಿಯೆಲ್ಲ ಚೇಂಬರಿಗೆ ಇಳಿದು ಕೂತ ಆಯಿಲ್ ಪಂಪಿನ ಮೂಲಕ ಹೆಡ್‌ವರೆಗೂ ಏರಬೇಕು. ಏರುವ ತನಕ ಲೋಹ ಲೋಹದ ಮೇಲೆ ಉಜ್ಜುತ್ತಿರುತ್ತದೆ. ಗಟ್ಟಿ ಆಯಿಲ್ ಹಾಕಿ ಈ ಹೊತ್ತನ್ನು ಉದ್ದಮಾಡಿದರೆ ಅದನ್ನು ರಕ್ಷಣೆ ಎಂದು ಕರೆಯುವುದು ಹೇಗೆ? "ಗಟ್ಟಿ ಆಯಿಲ್ ಹಾಕಿದ ಮೇಲೆ ಪ್ರೆಷರ್ ಚೆನ್ನಾಗಿ ತೋರಿಸ್ತಿದೆ" ಎನ್ನುವವರಿದ್ದಾರೆ. ಒತ್ತಡವೇ ಬೇರೆ, ಹರಿವೇ ಬೇರೆ. ರಕ್ತನಾಳ ಕಟ್ಟಿಕೊಂಡವರ ಬಿ.ಪಿ. ಏರಿರುತ್ತದೆ, ಅದನ್ನು ಯಾರೂ ಆರೋಗ್ಯ ಎನ್ನುವುದಿಲ್ಲ. ಆಯಿಲ್ ಮಂದವಾದಾಗ ಒತ್ತಡ ಮಿತಿ ಮೀರಿ ರಿಲೀಫ್ ವಾಲ್ವ್ ತೆರೆದುಕೊಳ್ಳುತ್ತದೆ, ಪಂಪು ತಳ್ಳಿದ ಆಯಿಲಿನಲ್ಲಿ ಒಂದಷ್ಟು ಬೇರಿಂಗಿಗೆ ಹೋಗದೆ ಹಿಂದಕ್ಕೆ ಮರಳುತ್ತದೆ.

"ನಮ್ಮ ಬಿಸಿಲು" ಎಂಬ ವಾದವೂ ನಿಲ್ಲುವುದಿಲ್ಲ. ಹೊರಗೆ 20 ಡಿಗ್ರಿ ಇರಲಿ, ಏಪ್ರಿಲಿನ 35 ಇರಲಿ, ಕಾದ ಎಂಜಿನ್ನನ್ನು ಥರ್ಮೋಸ್ಟ್ಯಾಟ್, ರೇಡಿಯೇಟರ್, ಫ್ಯಾನ್ ಸೇರಿ ಒಂದು ಮಟ್ಟದಲ್ಲಿ ಹಿಡಿದಿಡುತ್ತವೆ. ಆಯಿಲಿನ ಬಿಸಿ ಹವೆಗಿಂತ ಹೆಚ್ಚಾಗಿ ಎಂಜಿನ್ನಿನ ಮೇಲೆ ಬೀಳುವ ಹೊರೆಯನ್ನು ಅವಲಂಬಿಸಿದೆ. ಬೆಟ್ಟದ ರಸ್ತೆಯಲ್ಲಿ ತುಂಬಿದ ಗಾಡಿ ಹತ್ತಿಸುವಾಗ ಅದು ಹೆಚ್ಚೇ ಕಾಯುತ್ತದೆ, ಆದರೆ ಕಂಪನಿ ಗ್ರೇಡ್ ಸೂಚಿಸುವಾಗ ಅದಕ್ಕೂ ಜಾಗ ಬಿಟ್ಟಿರುತ್ತದೆ. ಇನ್ನು 5ಡಬ್ಲ್ಯೂ-40 ಮತ್ತು 15ಡಬ್ಲ್ಯೂ-40 ಬಿಸಿಯಲ್ಲಿ ಒಂದೇ ಗ್ರೇಡಿನವು. "5 ಅಂದ್ರೆ ತೆಳು, ಬಿಸಿಗೆ ನಿಲ್ಲಲ್ಲ" ಎಂಬ ಮಾತು ಅಂಕಿಗಳನ್ನು ತಲೆಕೆಳಗಾಗಿ ಓದಿದ್ದರ ಫಲ.

ಎದುರು ಪಕ್ಷದ ಬಲವಾದ ವಾದವೊಂದಿದೆ, ಅದನ್ನು ಬದಿಗೆ ಸರಿಸುವಂತಿಲ್ಲ. ಕಂಪನಿಗಳು ತೆಳು ಆಯಿಲಿಗೆ ಹೋಗಿರುವುದು ಎಂಜಿನ್ನಿನ ಮೇಲಿನ ಪ್ರೀತಿಗಲ್ಲ, ಮೈಲೇಜಿನ ಲೆಕ್ಕಕ್ಕೆ ಎಂಬುದು ಆ ವಾದ. ಇದರಲ್ಲಿ ಸತ್ಯವಿದೆ. ಕಂಪನಿ ಮಾರುವ ಕಾರುಗಳ ಸರಾಸರಿ ಇಂಧನ ಬಳಕೆಗೆ ಮಿತಿ ಹಾಕುವ ನಿಯಮ ಭಾರತದಲ್ಲಿ 2017-18ರಿಂದ ಜಾರಿಗೆ ಬಂತು, 2022-23ರಿಂದ ಬಿಗಿಯಾಯಿತು. ತೆಳು ಆಯಿಲ್ ಒಂದಿಷ್ಟು ಇಂಧನ ಉಳಿಸುತ್ತದೆ, ಕಂಪನಿಗೆ ಅದು ಬೇಕು. ಮಾರುತಿ ಸುಜುಕಿಯ ಈಚಿನ ಕೆ-ಸರಣಿಯ ಪೆಟ್ರೋಲ್ ಎಂಜಿನ್‌ಗಳಿಗೆ 0ಡಬ್ಲ್ಯೂ-16 ಬಂದಿರುವುದರ ಹಿಂದೆ ಈ ಕಾರಣವೂ ಇದೆ. ಹಾಗೆಂದು ಅದೇ ಹಳೆಯ ಎಂಜಿನ್ನಿಗೆ ತೆಳು ಆಯಿಲ್ ಸುರಿದು ಮಾರುತ್ತಿಲ್ಲ. ಬೇರಿಂಗಿನ ಸಂದು, ಆಯಿಲ್ ಪಂಪು, ದಾರಿಗಳ ಅಗಲ, ಉಜ್ಜುವ ಮೈಗಳ ನುಣುಪು ಎಲ್ಲವನ್ನೂ ಆ ಆಯಿಲಿಗೆ ಹೊಂದಿಸಿ ಕಟ್ಟಿದ್ದಾರೆ. ಅಷ್ಟಾದರೂ ಅನುಮಾನ ಹೋಗದಿದ್ದರೆ ಕೈಪಿಡಿಯನ್ನೇ ನೋಡಿ. ಹಲವು ಕೈಪಿಡಿಗಳು ಒಂದಕ್ಕಿಂತ ಹೆಚ್ಚು ಗ್ರೇಡ್ ಕೊಟ್ಟು, ಹೊರಗಿನ ಬಿಸಿಗೆ ತಕ್ಕ ಪಟ್ಟಿಯನ್ನೂ ಕೊಟ್ಟಿರುತ್ತವೆ. ಆ ಪಟ್ಟಿಯಲ್ಲಿರುವ ದಪ್ಪದ ಗ್ರೇಡನ್ನೇ ಆರಿಸಿಕೊಳ್ಳಿ, ನನ್ನ ತಕರಾರಿಲ್ಲ. 15ಡಬ್ಲ್ಯೂ-40 ಬರೆದಿರುವ ಎಂಜಿನ್ನಿಗೆ ಮೈಸೂರಿನಲ್ಲಿ 15ಡಬ್ಲ್ಯೂ-40 ಸರಿಯಾದ ಆಯಿಲೇ. ಪಟ್ಟಿಯಲ್ಲೇ ಇಲ್ಲದ 20ಡಬ್ಲ್ಯೂ-50 ಹಾಕುವುದು ಮಾತ್ರ ಆಯ್ಕೆಯಲ್ಲ, ಅಂದಾಜು.

ಅಂದಾಜಿನ ಬೆಲೆ ಇವತ್ತು ದೊಡ್ಡದು. ಇಂದಿನ ಎಂಜಿನ್ನಿನಲ್ಲಿ ಆಯಿಲ್ ಜಾರಿಸುವ ಕೆಲಸವೊಂದನ್ನೇ ಮಾಡುವುದಿಲ್ಲ. ವಾಲ್ವ್ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ವಿವಿಟಿ ವ್ಯವಸ್ಥೆ ನಡೆಯುವುದು ಸಣ್ಣ ಸಣ್ಣ ರಂಧ್ರಗಳ ಮೂಲಕ ಹರಿಯುವ ಆಯಿಲಿನ ಒತ್ತಡದಿಂದ. ಟೈಮಿಂಗ್ ಚೈನಿನ ಟೆನ್ಷನರ್ ಬಿಗಿಯಾಗಿ ನಿಲ್ಲುವುದೂ ಸಾಮಾನ್ಯವಾಗಿ ಆಯಿಲಿನ ಒತ್ತಡದಿಂದಲೇ. ಟರ್ಬೊದ ಸಣ್ಣ ದಂಡ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವಾಗ ಅದನ್ನು ಹೊತ್ತಿರುವುದು ತೆಳ್ಳನೆಯ ಆಯಿಲ್ ಪದರ. 2013ರಲ್ಲಿ ಬಂದ ಫೋರ್ಡ್ ಇಕೋಸ್ಪೋರ್ಟಿನ 1.0 ಲೀಟರ್ ಇಕೋಬೂಸ್ಟ್ ಎಂಜಿನ್ ನೆನಪಿದೆಯೇ? ಅದರ ಟೈಮಿಂಗ್ ಬೆಲ್ಟ್ ಓಡುವುದೇ ಆಯಿಲಿನಲ್ಲಿ ಮುಳುಗಿ. ಕಂಪನಿ ಹೇಳಿದ ವಿಶೇಷ ದರ್ಜೆಯ 5ಡಬ್ಲ್ಯೂ-20 ಬಿಟ್ಟು ಬೇರೆಯದನ್ನು ಹಾಕಿದರೆ ರಬ್ಬರು ಕೆಟ್ಟು, ಅದರ ಚೂರುಗಳು ಆಯಿಲ್ ಹೀರುವ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. 2021ರಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಘೋಷಿಸಿತು. ಆ ಗಾಡಿಗಳಲ್ಲಿ ಹಲವು ಈಗ ರಸ್ತೆ ಬದಿಯ ಗ್ಯಾರೇಜುಗಳ ಕೈಯಲ್ಲಿವೆ, ಬೆರಳಿನ ಪರೀಕ್ಷೆ ಅವುಗಳ ಪಾಲಿಗೆ ಮರಣಶಾಸನ.

ಡೀಸೆಲ್ ಗಾಡಿಗಳ ವಿಷಯ ಇನ್ನೂ ಸೂಕ್ಷ್ಮ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಆಯಿಲಿನ ಅಡಿಟಿವ್‌ಗಳಲ್ಲಿರುವ ಲೋಹದ ಅಂಶ ಉರಿದು ಬೂದಿಯಾದರೆ ಆ ಬೂದಿಗೆ ದಾರಿಯಿಲ್ಲ, ಅಲ್ಲೇ ಕೂತು ಫಿಲ್ಟರ್ ಕಟ್ಟುತ್ತದೆ. ಅದಕ್ಕೇ ಇಂಥ ಕಾರುಗಳಿಗೆ ಬೂದಿ ಕಡಿಮೆ ಬಿಡುವ, ಯುರೋಪಿನ ಕಾರು ತಯಾರಕರ ಸಂಘ ಎಸಿಇಎಯ ಸಿ2, ಸಿ3 ಮುಂತಾದ ದರ್ಜೆಯ ಆಯಿಲನ್ನು ಕೈಪಿಡಿ ಕೇಳುವುದು. ಲಾರಿಗೆ ಹಾಕುವ ಗಟ್ಟಿ ಡೀಸೆಲ್ ಆಯಿಲನ್ನು "ಇದೂ ಡೀಸೆಲ್ಲೇ ಅಲ್ವಾ" ಎಂದು ಇದಕ್ಕೂ ಸುರಿದರೆ ಉಳಿಸಿದ ಕೆಲವು ನೂರು ರೂಪಾಯಿಗೆ ಪ್ರತಿಯಾಗಿ ಡಿಪಿಎಫ್ ಬದಲಾವಣೆಯ ಭಾರಿ ಬಿಲ್ಲು ಬರುತ್ತದೆ. ಗ್ರೇಡಿನ ಜೊತೆ ದರ್ಜೆಯನ್ನೂ ನೋಡಬೇಕು ಎನ್ನುವುದು ಇದಕ್ಕೆ. ಟರ್ಬೊ ಪೆಟ್ರೋಲ್ ಕಾರುಗಳಿಗೂ ಈ ಮಾತು ಹೊಂದುತ್ತದೆ. ಅವುಗಳಲ್ಲಿ ಸಿಲಿಂಡರಿನೊಳಕ್ಕೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್‌ಗಳು ಕಡಿಮೆ ವೇಗದಲ್ಲಿ ಹೊರೆ ಎಳೆಯುವಾಗ ಇಂಧನ ಅಕಾಲದಲ್ಲಿ ಸಿಡಿಯುವ ತೊಂದರೆಯಿದೆ, ಪಿಸ್ಟನ್ ಒಡೆಯುವಷ್ಟು ಜೋರಾಗಿ. ಆಯಿಲಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಹೆಚ್ಚುತ್ತದೆ. ಆಯಿಲ್ ಇದನ್ನು ತಡೆಯುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ (ಎಪಿಐ) 2020ರ ಎಸ್‌ಪಿ ದರ್ಜೆ ಒಳಗೊಂಡಿದೆ. ಡಬ್ಬಿಯ ಹಿಂದಿನ ಆ ಎರಡಕ್ಷರ ಮುಂದಿರುವ ರೇಸ್ ಕಾರಿನ ಚಿತ್ರಕ್ಕಿಂತ ಮುಖ್ಯ.

ಬೋರಿಗೆ ಬಂದ ಹಳೆಯ ಎಂಜಿನ್? ಆಯಿಲ್ ಕುಡಿಯುತ್ತಿದ್ದರೆ ಕೈಪಿಡಿಯ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲಿನ ಗ್ರೇಡಿಗೆ ಹೋಗಿ ಸ್ವಲ್ಪ ಕಾಲ ತಳ್ಳಬಹುದು. ಸವೆದ ರಿಂಗನ್ನೂ ಗಟ್ಟಿಯಾದ ವಾಲ್ವ್ ಸೀಲನ್ನೂ ಯಾವ ಆಯಿಲೂ ರಿಪೇರಿ ಮಾಡುವುದಿಲ್ಲ. ಸದ್ದು ಕಡಿಮೆಯಾದದ್ದು ಕಾಯಿಲೆ ವಾಸಿಯಾದದ್ದರ ಗುರುತಲ್ಲ.

ಇನ್ನು ಕಪ್ಪಿನ ಮಾತು. ಆಯಿಲಿನಲ್ಲಿ ಮಸಿಯನ್ನು ತೊಳೆಯುವ, ತೊಳೆದದ್ದನ್ನು ಎಲ್ಲೂ ಅಂಟದಂತೆ ತೇಲಿಸಿಟ್ಟುಕೊಳ್ಳುವ ರಾಸಾಯನಿಕಗಳಿರುತ್ತವೆ. ಅವು ಕೆಲಸ ಮಾಡಿದರೆ ಆಯಿಲ್ ಕಪ್ಪಾಗಲೇಬೇಕು. ಡೀಸೆಲ್ ಎಂಜಿನ್ನಿನಲ್ಲಂತೂ ಹೊಸ ಆಯಿಲ್ ಕೆಲವೇ ನೂರು ಕಿಲೋಮೀಟರಿಗೆ ಕಪ್ಪು. ಅದನ್ನು ಕೆಟ್ಟಿತೆಂದು ಇಳಿಸುವುದು ಹಣವನ್ನು ಚರಂಡಿಗೆ ಸುರಿದಂತೆಯೇ ಸರಿ. ಹೆದರಬೇಕಾದದ್ದು ಬೇರೆ ಬಣ್ಣಕ್ಕೆ: ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರೋ ಕೂಲೆಂಟೋ ಸೇರಿದೆ, ಹೆಡ್ ಗ್ಯಾಸ್ಕೆಟ್ ನೋಡಿಸಿ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ತಾನಾಗಿ ಏರುತ್ತಿದ್ದರೂ ಸುಮ್ಮನಿರಬೇಡಿ, ಇಂಧನ ಆಯಿಲಿಗೆ ಇಳಿಯುತ್ತಿರಬಹುದು.

ಹಾಗಾದರೆ ಯಾವಾಗ ಬದಲಾಯಿಸಬೇಕು? ಇಲ್ಲಿ ನಮ್ಮೂರಿನ ಕಾರುಗಳ ಒಂದು ವಿಶೇಷ ಯಾರ ಗಮನಕ್ಕೂ ಬರುತ್ತಿಲ್ಲ. ಮೈಸೂರು ಇನ್ನೂ ಹರಡಿ ಕೈ ಮೀರಿದ ಊರಲ್ಲ. ಮನೆಯಿಂದ ಮಾರ್ಕೆಟ್ಟಿಗೆ, ಅಲ್ಲಿಂದ ದೇವಸ್ಥಾನಕ್ಕೆ, ಮಗುವನ್ನು ಶಾಲೆಯಿಂದ ಕರೆತರಲು ಎಂದು ಎರಡು ಮೂರು ಕಿಲೋಮೀಟರಿನ ಓಡಾಟವೇ ಹೆಚ್ಚು. ಅಷ್ಟರಲ್ಲಿ ನೀರಿನ ಮೀಟರಿನ ಮುಳ್ಳು ಮೇಲೇರಿದರೂ ಆಯಿಲ್ ಪೂರ್ತಿ ಕಾದಿರುವುದಿಲ್ಲ. ಕಾಯದ ಎಂಜಿನ್ನಿನಲ್ಲಿ ಉರಿಯದ ಪೆಟ್ರೋಲೂ ನೀರಾವಿಯೂ ಆಯಿಲಿಗೆ ಸೇರುತ್ತವೆ, ಅದನ್ನು ಆವಿ ಮಾಡಿ ಹೊರಹಾಕುವಷ್ಟು ಬಿಸಿ ಬರುವುದೇ ಇಲ್ಲ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿದ ಇಂಥ ಕಾರಿನ ಯಜಮಾನರು "ಹತ್ತು ಸಾವಿರ ಆಗಿಲ್ಲವಲ್ಲ" ಎಂದು ಎರಡು ಮೂರು ವರ್ಷ ಅದೇ ಆಯಿಲಿನಲ್ಲಿ ಓಡಿಸುತ್ತಾರೆ. ಬೆಂಗಳೂರಿನ ದಶಪಥ ಹೆದ್ದಾರಿಯಲ್ಲಿ ವಾರಕ್ಕೆ ಹಲವು ಸಲ 118 ಕಿಲೋಮೀಟರ್ ಒಂದೇ ಓಟ ಓಡುವ ಟ್ಯಾಕ್ಸಿಯ ಆಯಿಲ್ ಇದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ. ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಇರುವುದು 10,000 ಕಿಲೋಮೀಟರ್ ಅಥವಾ 12 ತಿಂಗಳು, ಯಾವುದು ಮೊದಲೋ ಅದು. ಆ ಸಾಲಿನ ಕೆಳಗೆ ಕಠಿಣ ಬಳಕೆ ಎಂಬ ಇನ್ನೊಂದು ಪಟ್ಟಿ ಇರುತ್ತದೆ. ಸಣ್ಣ ಓಡಾಟ, ಧೂಳು, ನಿಂತು ನಿಂತು ಸಾಗುವ ಟ್ರಾಫಿಕ್ ಎಲ್ಲ ಅದರಲ್ಲಿವೆ. ಮಂಡಿ ಮೊಹಲ್ಲಾದ ಸಂದಿಗಳಲ್ಲಿ ದಿನವೂ ತೆವಳುವ ಕಾರು ಆ ಪಟ್ಟಿಗೇ ಸೇರಿದ್ದು. ಅದಕ್ಕೆ ಕಾಲಾವಧಿಯನ್ನು ಹಲವು ಕಂಪನಿಗಳು ಅರ್ಧಕ್ಕೆ ಇಳಿಸುತ್ತವೆ. ಹೀಗಾಗಿ ಟ್ಯಾಕ್ಸಿಯವರಿಗೆ ಬೇಗ ಬದಲಾಯಿಸಿ ಎಂದೂ ಮನೆ ಕಾರಿನವರಿಗೆ ಇನ್ನೂ ಓಡಲಿ ಎಂದೂ ಹೇಳುವ ನಮ್ಮ ರೂಢಿ ಪೂರ್ತಿ ಉಲ್ಟಾ.

ದುಬಾರಿಯಾದದ್ದೇ ಉತ್ತಮ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. "ಫುಲ್ಲಿ ಸಿಂಥೆಟಿಕ್" ಎಂಬ ಹೆಸರೇ ಅಮೆರಿಕದಲ್ಲಿ ಜಗಳಕ್ಕೆ ಕಾರಣವಾಗಿತ್ತು. ಚೆನ್ನಾಗಿ ಸಂಸ್ಕರಿಸಿದ ಕಚ್ಚಾತೈಲದ ಆಯಿಲನ್ನೂ ಹಾಗೆ ಕರೆಯಬಹುದೇ ಎಂದು ಮೊಬಿಲ್ ತಕರಾರು ತೆಗೆದಾಗ, 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ ಕ್ಯಾಸ್ಟ್ರಾಲ್ ಪರವಾಗಿ ನಿಂತಿತು. ಸಿಂಥೆಟಿಕ್ ಆಯಿಲ್ ಒಳ್ಳೆಯದೇ, 0ಡಬ್ಲ್ಯೂ ಗ್ರೇಡುಗಳಿಗೆ ಸಾಮಾನ್ಯವಾಗಿ ಅದೇ ಬೇಕು. ಆದರೆ ಕೈಪಿಡಿಯ ಗ್ರೇಡೂ ದರ್ಜೆಯೂ ಡಬ್ಬಿಯ ಮೇಲಿದ್ದರೆ ಅದು ಇಂಡಿಯನ್ ಆಯಿಲಿನ ಸರ್ವೋ ಆಗಲಿ, ಭಾರತ್ ಪೆಟ್ರೋಲಿಯಂನ ಮ್ಯಾಕ್ ಆಗಲಿ, ವಿದೇಶಿ ಹೆಸರಿನದಾಗಲಿ, ಎಂಜಿನ್ನಿಗೆ ಭೇದವಿಲ್ಲ. ಆಯಿಲಿನ ಜೊತೆ ಹಾಕಿಸಿ ಎಂದು ಕೈಗಿಡುವ ಸಣ್ಣ ಬಾಟಲಿಯ "ಎಂಜಿನ್ ಟ್ರೀಟ್‌ಮೆಂಟ್"ಗಳನ್ನು ನಿರಾಕರಿಸಿ. ಸ್ಲಿಕ್ 50 ಎಂಬ ಇಂಥದೇ ಹೆಸರಾಂತ ಉತ್ಪನ್ನದ ಜಾಹೀರಾತಿನ ಮಾತುಗಳಿಗೆ ಆಧಾರವಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲೇ ದೂರು ಹೂಡಿತ್ತು. ಆಯಿಲ್ ತಯಾರಕರು ಅಳೆದು ಬೆರೆಸಿದ್ದಕ್ಕೆ ಮೇಲಿಂದ ಏನನ್ನೂ ಬೆರೆಸಬಾರದು.

ಲೂಸ್ ಆಯಿಲ್ ಬೇಡವೇ ಬೇಡ, ಎಷ್ಟೇ ಅಗ್ಗವಾಗಿರಲಿ. ಸೀಲ್ ಇರುವ ಡಬ್ಬಿಯನ್ನು ನಿಮ್ಮೆದುರೇ ಒಡೆಸಿ, ಖಾಲಿಯಾದ ಮೇಲೆ ಡಬ್ಬಿಗೆ ತೂತು ಮಾಡಿಸಿ. ಇಲ್ಲವಾದರೆ ಅದು ನಕಲಿ ಆಯಿಲ್ ತುಂಬುವವರ ಕೈ ಸೇರುತ್ತದೆ. ಫಿಲ್ಟರನ್ನು ಪ್ರತಿ ಸಲವೂ ಬದಲಾಯಿಸಿ. ಇಳಿಸಿದ ಆಯಿಲ್ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ನೋಂದಾಯಿತ ಮರುಸಂಸ್ಕರಣೆಯವರಿಗೇ ಹೋಗಬೇಕು. ಅದನ್ನು ಹಿಂದಕ್ಕೆ ಪಡೆಯುವ ಹೊಣೆ 2024ರ ಏಪ್ರಿಲ್‌ನಿಂದ ಆಯಿಲ್ ತಯಾರಕರ ಮೇಲೂ ಇದೆ. ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೊಡುವುದು, ಚರಂಡಿಗೆ ಬಿಡುವುದು ನಿಲ್ಲಬೇಕು.

ಇಷ್ಟೆಲ್ಲ ತಪ್ಪಿನ ಹೊರೆಯನ್ನು ಮೆಕ್ಯಾನಿಕ್‌ಗಳ ಮೇಲೆ ಹೊರಿಸುವುದು ಅನ್ಯಾಯ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೂತಿರುವ ಕೈಪಿಡಿಯನ್ನು ಯಜಮಾನರು ತೆರೆದೇ ಇಲ್ಲ. ತೆರೆದರೂ ನಾನು ನೋಡಿದ ಕಾರುಗಳ ಕೈಪಿಡಿಗಳು ಇಂಗ್ಲಿಷಿನಲ್ಲಿವೆ, ನೂರಾರು ಪುಟಗಳ ನಡುವೆ ಆಯಿಲಿನ ಪುಟ ಕಳೆದುಹೋಗಿದೆ. ಗ್ಯಾರೇಜಿನ ಹುಡುಗ ಅದನ್ನು ಓದಲಿ ಎಂದು ನಿರೀಕ್ಷಿಸುವ ಕಂಪನಿ ಅವನ ನುಡಿಯಲ್ಲಿ ಒಂದು ಸಾಲು ಬರೆದಿಲ್ಲ. ಕರ್ನಾಟಕದಲ್ಲಿ ಕಾರು ಮಾರುವ ಪ್ರತಿ ಕಂಪನಿಯೂ ಗ್ರೇಡ್, ದರ್ಜೆ, ಎಷ್ಟು ಲೀಟರ್, ಎಷ್ಟು ತಿಂಗಳು ಎಂಬ ನಾಲ್ಕು ಸಂಗತಿಗಳನ್ನು ಕನ್ನಡದಲ್ಲಿ ಅಚ್ಚು ಹಾಕಿ ಬಾನೆಟ್ಟಿನ ಒಳಮೈಗೆ ಅಂಟಿಸಬೇಕು. ಅದಕ್ಕೆ ತಗಲುವ ಖರ್ಚು ಒಂದು ಸ್ಟಿಕ್ಕರಿನದು.

ಅಲ್ಲಿಯವರೆಗೆ ಆ ಕೆಲಸ ನಿಮ್ಮದು. ಕೈಪಿಡಿಯ ಆಯಿಲ್ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಮಂಡಿ ಮೊಹಲ್ಲಾಕ್ಕೆ ಹೋದಾಗ ಮೆಕ್ಯಾನಿಕ್‌ಗೆ ಅದನ್ನು ತೋರಿಸಿ, ಅದೇ ಆಯಿಲ್ ಹಾಕಿ ಎಂದು ಹೇಳಿ, ಹಾಕುವವರೆಗೂ ಪಕ್ಕದಲ್ಲೇ ನಿಂತಿರಿ.